‘ಮಾಯಾಮೃಗ’ ಮತ್ತೆ ಬಂತು, ನಿಮ್ಮೂರಿನ ಸುದ್ದಿ ಯಾಕೆ ಮತ್ತೆ ಬರಲ್ಲ?

ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ ‘ಮಾಯಾಮೃಗ’ ಧಾರಾವಾಹಿ ದೂರದರ್ಶನ ಚಂದನದಲ್ಲಿ ಬಂದದ್ದು 1998ರಲ್ಲಿ. ಅದರ ಮುಂದುವರಿದ ಕಥೆ ‘ಮತ್ತೆ ಮಾಯಾಮೃಗ’ ಸಿರಿ ಕನ್ನಡ ವಾಹಿನಿಯಲ್ಲಿ ಶುರುವಾಗಿದ್ದು 2022ರ ಅಕ್ಟೋಬರ್ 31ಕ್ಕೆ. ನಡುವೆ ಬರೋಬ್ಬರಿ 24 ವರ್ಷ. ಇಷ್ಟು ವರ್ಷ ಆದಮೇಲೂ ಯಾರೋ ಕೂತು ಯೋಚನೆ ಮಾಡಿದ್ದಾರೆ: ಆ ಮನೆಯವರು ಈಗ ಹೇಗಿದ್ದಾರೆ, ಅವರ ಮಕ್ಕಳು ಏನಾದರು ಅಂತ. ಇವರೆಲ್ಲ ಕಟ್ಟುಕಥೆಯ ಪಾತ್ರಗಳು, ನೆನಪಿರಲಿ. ನಿಜವಾದ ಮನುಷ್ಯರ ಬಗ್ಗೆ 24 ದಿನ ಬಿಟ್ಟು ಹೀಗೆ ಕೇಳಿ ನೋಡಿ, ನಮ್ಮ ಪತ್ರಿಕೆಗಳ ಡೆಸ್ಕಿನಿಂದ ಬರುವ ಉತ್ತರ ಒಂದೇ: ‘ಅದು ಹಳೇ ಸುದ್ದಿ ಕಣ್ರೀ, ಬಿಡಿ.’

ಮೈಸೂರಿನಲ್ಲಿ ರೂಮು ಮಾಡಿಕೊಂಡು ಇರುವ ಬಿಡಿ ಸುದ್ದಿಗಾರರು ನಾವು. ಇಂಗ್ಲಿಷಿನಲ್ಲಿ ಸ್ಟ್ರಿಂಗರ್ ಅಂತಾರೆ, ನಿಮ್ಮೂರಲ್ಲಿ ‘ಪೇಪರ್‌ನೋರು’ ಅಂತಾರೆ, ಪೇಪರ್ ಆಫೀಸಿನವರು ಮಾತ್ರ ‘ನೀವು ನಮ್ಮೋರಲ್ಲ’ ಅಂತಾರೆ. ರಾತ್ರಿ ಕೊನೆಯ ಸುದ್ದಿ ಕಳಿಸಿದ ಮೇಲೆ ಹಳೇ ಕಂತುಗಳನ್ನೂ ಹೊಸ ಕಂತುಗಳನ್ನೂ ಫೋನಿನಲ್ಲಿ ಹಾಕಿಕೊಂಡು ನೋಡುವುದು ನಮಗೆ ರೂಢಿಯಾಗಿದೆ. ನಮ್ಮಲ್ಲಿ ಕೆಲವರು ಚಿಕ್ಕವರಿದ್ದಾಗ ಊರಿನಲ್ಲಿ ಟಿವಿ ಇದ್ದ ಒಂದೇ ಮನೆಯ ಜಗಲಿಯಲ್ಲಿ ಕೂತು ಇದನ್ನೇ ನೋಡಿದವರು. ಆಗ ಅರ್ಧ ಅರ್ಥವಾಗುತ್ತಿರಲಿಲ್ಲ. ಈಗ ಚೆನ್ನಾಗಿ ಅರ್ಥವಾಗುತ್ತದೆ, ಸಾಲ, ಕೋರ್ಟು, ಕೆಲಸ ಇಲ್ಲದ ಗಂಡುಮಕ್ಕಳು, ಎಲ್ಲವೂ.

ಇದನ್ನು ಹೇಳಿದರೆ ಕೆಲವರು ನಗುತ್ತಾರೆ. ‘ಪತ್ರಕರ್ತರಾಗಿ ಸೀರಿಯಲ್ ನೋಡ್ತೀರಾ?’ ನೋಡ್ತೀವಿ ಸ್ವಾಮಿ. ಎಲ್ಲ ಸೀರಿಯಲ್ಲನ್ನೂ ಅಲ್ಲ. ಒಂದು ಕಪಾಳಮೋಕ್ಷವನ್ನು ಮೂರು ಸಲ ತಿರುಗಿಸಿ ತೋರಿಸುವಂಥದ್ದು ನಮಗೂ ಬೇಡ. ಈ ಧಾರಾವಾಹಿಯಲ್ಲಿ ಒಂದು ಗುಣ ಇದೆ, ಅದು ನಮ್ಮ ಪತ್ರಿಕೆಗಳಲ್ಲಿ ಇಲ್ಲ. ಒಬ್ಬ ಮನುಷ್ಯನಿಗೆ ತೊಂದರೆ ಬಂತು ಅಂತ ತೋರಿಸಿದ ಮೇಲೆ, ಆ ತೊಂದರೆ ಮುಂದೆ ಏನಾಯಿತು ಅಂತಲೂ ತೋರಿಸುತ್ತಾರೆ.

ನಿಮ್ಮೂರಿನದೇ ಉದಾಹರಣೆ ತೆಗೆದುಕೊಳ್ಳಿ. ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿದೆ. ನೀವು ಫೋನ್ ಮಾಡುತ್ತೀರಿ. ನಾವು ಬೈಕಿಗೆ ನಮ್ಮ ದುಡ್ಡಿನಲ್ಲೇ ಪೆಟ್ರೋಲ್ ಹಾಕಿಸಿಕೊಂಡು ಬರುತ್ತೇವೆ. ಮೈಸೂರಿನಿಂದ ಎಚ್.ಡಿ. ಕೋಟೆಗೇ ಸುಮಾರು 50 ಕಿ.ಮೀ., ಅಲ್ಲಿಂದ ಕಾಡಂಚಿನ ಹಾಡಿಗೆ ಇನ್ನೂ ದೂರ. ಖಾಲಿ ಕೊಡ ಹಿಡಿದ ಹೆಂಗಸರ ಫೋಟೊ, ವಿಡಿಯೊ, ಪಿಡಿಒ ಹೇಳಿಕೆ, ಎಲ್ಲ ಒಬ್ಬರೇ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೇವೆ. ಮಾರನೇ ದಿನ ಒಳಪುಟದಲ್ಲಿ ಬರುತ್ತದೆ. ಕೆಳಗೆ ಒಂದು ಸಾಲು: ‘ವಾರದೊಳಗೆ ದುರಸ್ತಿ ಮಾಡಲಾಗುವುದು ಎಂದು ಅಧಿಕಾರಿಗಳು ತಿಳಿಸಿದ್ದಾರೆ.’ ಅಲ್ಲಿಗೆ ಮುಗಿಯಿತು. ಆ ವಾರ ಬಂತೇ, ದುರಸ್ತಿ ಆಯಿತೇ, ಅದನ್ನು ಕೇಳುವವರಿಲ್ಲ. ಅಧಿಕಾರಿಗೂ ಇದು ಗೊತ್ತು. ಆ ಧೈರ್ಯದ ಮೇಲೇ ಅವರು ‘ವಾರದೊಳಗೆ’ ಅನ್ನುವುದು.

ಮತ್ತೆ ಹೋಗಿ ನೋಡಿಬರಬಹುದಲ್ಲ ಅಂತ ನೀವು ಕೇಳಬಹುದು. ಹೋಗುತ್ತೇವೆ, ಬರೆದು ಕಳಿಸುತ್ತೇವೆ, ಅಚ್ಚಾಗುವುದಿಲ್ಲ. ಅಚ್ಚಾಗದ ಸುದ್ದಿಗೆ ಕಾಸಿಲ್ಲ. ನಮ್ಮದು ಸಂಬಳ ಅಲ್ಲ, ಅಚ್ಚಾದ ಸುದ್ದಿಯ ಲೆಕ್ಕ. ಹುಲಿ ಮನುಷ್ಯನ ಮೇಲೆ ಬಿದ್ದರೆ ಬೆಳಿಗ್ಗೆಯಿಂದ ಹತ್ತು ಸಲ ಫೋನ್ ಬರುತ್ತದೆ, ‘ವಿಡಿಯೊ ಎಲ್ಲಿ, ಬೈಟ್ ಎಲ್ಲಿ’ ಅಂತ. ಸತ್ತವನ ಹೆಂಡತಿಗೆ ಪರಿಹಾರ ಕೈಗೆ ಸಿಕ್ಕಿತೇ ಅಂತ ಆರು ತಿಂಗಳು ಬಿಟ್ಟು ಬರೆದರೆ ‘ಜಾಗ ಇಲ್ಲ’.

ಜಾಗ ಇಲ್ಲ ಅನ್ನುವುದು ಪೂರಾ ನಿಜವಲ್ಲ. ದಸರಾ ಬರಲಿ, ಎಷ್ಟು ಪುಟ ಬೇಕಾದರೂ ಜಾಗ ಆಗುತ್ತದೆ. ವಿಶೇಷ ಪುರವಣಿ! ಅದಕ್ಕೆ ಜಾಹೀರಾತು ತರಬೇಕಾದವರು ಯಾರು? ನಾವೇ. ಇಷ್ಟು ರೂಪಾಯಿ ತರಬೇಕು ಅಂತ ಟಾರ್ಗೆಟ್ ಕೊಡುತ್ತಾರೆ. ಹಳ್ಳಿ ಕಡೆ ಜಾಹೀರಾತು ಕೊಡುವವರು ಯಾರು ಅಂತ ನಿಮಗೆ ಗೊತ್ತೇ ಇದೆ: ಪಂಚಾಯಿತಿ ಅಧ್ಯಕ್ಷರು, ಸೊಸೈಟಿ ನಿರ್ದೇಶಕರು, ಕಂಟ್ರಾಕ್ಟರು. ನೀರಿನ ಘಟಕ ಕೆಟ್ಟಿದೆ ಅಂತ ಯಾರ ಮೇಲೆ ಬರೆಯಬೇಕೋ ಅವರ ಮನೆ ಬಾಗಿಲಲ್ಲೇ ರಸೀದಿ ಪುಸ್ತಕ ಹಿಡಿದು ನಿಲ್ಲಬೇಕು. ‘ಅಣ್ಣಾ, ದಸರಾ ಶುಭಾಶಯ ಹಾಕ್ಸಿ’ ಅಂತ. ಅವರು ನಗುತ್ತಾ, ‘ಹೋದ ತಿಂಗಳು ಏನೋ ಬರ್ದಿದ್ರಲ್ಲಪ್ಪ’ ಅಂತಾರೆ. ಈ ನಗುವಿನ ಮುಂದೆ ಯಾವ ಪತ್ರಿಕಾ ಸ್ವಾತಂತ್ರ್ಯವೂ ನಿಲ್ಲುವುದಿಲ್ಲ. ಡಿಪ್ಲೊಮಾ ಓದುವಾಗ ಇದರ ಬಗ್ಗೆ ಒಂದು ಪಾಠವೂ ಇರಲಿಲ್ಲ.

ಕಾನೂನು ಇಲ್ಲವೇ? ಇತ್ತು. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಅರೆಕಾಲಿಕರನ್ನೂ ಪತ್ರಕರ್ತರು ಅಂತಲೇ ಲೆಕ್ಕಕ್ಕೆ ತೆಗೆದುಕೊಂಡಿತ್ತು, ಪತ್ರಿಕೋದ್ಯಮವೇ ಅವರ ಮುಖ್ಯ ಕಸುಬಾಗಿದ್ದು, ಪತ್ರಿಕೆ ಅವರನ್ನು ನೇಮಿಸಿಕೊಂಡಿದ್ದರೆ. ಮಜೀಠಿಯಾ ವೇತನ ಮಂಡಳಿಯ ಶಿಫಾರಸನ್ನು ಸರ್ಕಾರ 2011ರ ನವೆಂಬರ್‌ನಲ್ಲಿ ಅಧಿಸೂಚನೆ ಮಾಡಿತು, 2014ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2020ರಲ್ಲಿ ಸಂಸತ್ತು ಆ ಹಳೇ ಕಾಯ್ದೆಯನ್ನು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿ ಪಾಸ್ ಮಾಡಿತು. ಇದೆಲ್ಲ ಮೇಲುಮೇಲೆ ನಡೆದುಹೋಯಿತು. ಕೆಳಗೆ ನಮ್ಮ ಕೈಗೆ ಒಂದು ನೇಮಕಾತಿ ಪತ್ರ ಕೂಡ ಬರಲಿಲ್ಲ. ನೇಮಕಾತಿ ಪತ್ರವೇ ಇಲ್ಲದವನು ಯಾವ ಕಾನೂನಿನ ಬಾಗಿಲು ತಟ್ಟುತ್ತಾನೆ? ಗ್ರಾಮೀಣ ಪತ್ರಕರ್ತರಿಗೆ ಉಚಿತ ಬಸ್ ಪಾಸ್ ಅಂತ ರಾಜ್ಯ ಸರ್ಕಾರ ಯೋಜನೆ ತಂದಿದೆ, ಒಳ್ಳೆಯದೇ. ಆದರೆ ‘ಇವನು ನಮ್ಮವನು’ ಅಂತ ಬರೆದುಕೊಡುವ ಪತ್ರಿಕೆಯೇ ಇಲ್ಲದಿದ್ದರೆ ಪಾಸ್ ಎಲ್ಲಿಂದ ಬರಬೇಕು?

ಪತ್ರಿಕೆಗಳು ನಷ್ಟದಲ್ಲಿವೆ ಅಂತ ಮಾಲೀಕರು ಹೇಳುತ್ತಾರೆ. ಇರಬಹುದು. ಕಾಗದದ ಬೆಲೆ ಏರಿದೆ, ಜಾಹೀರಾತು ಫೋನಿಗೆ ಹೋಗಿದೆ, ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಷ್ಟದ ಭಾರ ಮೊದಲು ಬೀಳುವುದು ಯಾವಾಗಲೂ ನಮ್ಮ ಮೇಲೇ ಯಾಕೆ? ನಮ್ಮ ಮೇಲೆ ಬಿದ್ದದ್ದು ನಿಮ್ಮ ಮೇಲೂ ಬೀಳುತ್ತದೆ. 2018ರ ಡಿಸೆಂಬರ್‌ನಲ್ಲಿ ಹನೂರು ತಾಲ್ಲೂಕಿನ ಸುಳ್ವಾಡಿ ಮಾರಮ್ಮನ ಗುಡಿಯ ವಿಷದ ಪ್ರಸಾದ ತಿಂದು 17 ಜನ ಸತ್ತರು. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಜನ ಸತ್ತರು ಅಂತ ಸುದ್ದಿ ಬಂದಾಗ ದೇಶವೇ ಈ ಕಡೆ ನೋಡಿತು. ದೆಹಲಿಯ ಕ್ಯಾಮೆರಾಗಳು ಬಂದು ಹೋದವು. ಆಮೇಲೂ ಆ ಮನೆಗಳ ದಾರಿ ಗೊತ್ತಿರುವವರು ಸ್ಥಳೀಯ ಸುದ್ದಿಗಾರರೇ. ಯಾವ ಹುಡುಗಿ ಓದು ಬಿಟ್ಟಳು, ಯಾವ ಅಜ್ಜಿ ಮೊಮ್ಮಕ್ಕಳನ್ನು ಸಾಕಲು ಕೂಲಿಗೆ ಹೋಗುತ್ತಿದ್ದಾಳೆ, ಇದನ್ನೆಲ್ಲ ಬರೆಯಬಲ್ಲವರು ಅವರು. ವರ್ಷಕ್ಕೊಂದು ಸಲ, ಅದೂ ಆ ತಾರೀಕಿನಂದು ಮಾತ್ರ, ನಾಲ್ಕು ಸಾಲಿಗೆ ಅವಕಾಶ.

ಇನ್ನೊಂದು ಮಾತು. ಧಾರಾವಾಹಿ ನೋಡುವಾಗ ಹೆಸರುಗಳ ಪಟ್ಟಿ ಓಡುತ್ತದಲ್ಲ, ನಾವು ಅದನ್ನು ಮುಂದಕ್ಕೆ ತಳ್ಳುವುದಿಲ್ಲ. ಬೆಳಕು ಹಿಡಿದವರು, ಬಟ್ಟೆ ನೋಡಿಕೊಂಡವರು, ಎಲ್ಲರ ಹೆಸರೂ ಇರುತ್ತದೆ. ನಮ್ಮ ಸುದ್ದಿಯ ಮೇಲೆ ಮಾತ್ರ ‘ನಮ್ಮ ಪ್ರತಿನಿಧಿಯಿಂದ’. ಕೇಸು ಬಿದ್ದಾಗ, ಯಾರಾದರೂ ಹೊಡೆಯಲು ಬಂದಾಗ ಮಾತ್ರ ನಮ್ಮ ಹೆಸರು ಊರಿಗೆಲ್ಲ ಗೊತ್ತಿರುತ್ತದೆ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ನೇಮಕಾತಿ ಪತ್ರ ಕೊಡಿ. ಜಾಹೀರಾತು ತರಲು ಬೇರೆ ಜನ ಇಟ್ಟುಕೊಳ್ಳಿ. ಬರೆದ ಸುದ್ದಿಯ ಬೆನ್ನುಹತ್ತಿ ಎರಡನೇ ಸಲ, ಮೂರನೇ ಸಲ ಹೋದರೆ ಅದಕ್ಕೂ ದುಡ್ಡು ಕೊಡಿ, ಜಾಗವನ್ನೂ ಕೊಡಿ. ಇದನ್ನು ನಾವು ಹೇಳಿದರೆ ‘ಇಷ್ಟ ಇಲ್ಲದಿದ್ದರೆ ಬಿಡಿ, ಇನ್ನೊಬ್ಬ ಸಿಕ್ತಾನೆ’ ಅನ್ನುತ್ತಾರೆ. ಸಿಗುತ್ತಾನೆ ಕೂಡ, ಪ್ರತಿ ವರ್ಷ ಡಿಪ್ಲೊಮಾ ಹಿಡಿದು ಹೊರಬರುವವರು ಬೇಕಾದಷ್ಟಿದ್ದಾರೆ.

ಓದುಗರು ಕೇಳಿದರೆ ಹಾಗೆ ಹೇಳಲಿಕ್ಕೆ ಆಗುವುದಿಲ್ಲ. ಅದಕ್ಕೆ ನಿಮ್ಮೂರಿನ ಸಮಸ್ಯೆ ಪೇಪರಿನಲ್ಲಿ ಬಂದ ದಿನ ಅದರ ಫೋಟೊ ತೆಗೆದು ತಾರೀಕು ಸಮೇತ ಫೋನಿನಲ್ಲಿ ಇಟ್ಟುಕೊಳ್ಳಿ. ‘ವಾರದೊಳಗೆ’ ಅಂದ ವಾರ ಕಳೆದ ಮೇಲೆ, ಕೆಲಸ ಆಗಿರದಿದ್ದರೆ, ಅದೇ ಫೋಟೊವನ್ನು ಸಂಪಾದಕರಿಗೆ ಕಳಿಸಿ, ಕೆಳಗೆ ‘ಇದು ಏನಾಯಿತು?’ ಅಂತ ಬರೆಯಿರಿ. ಒಬ್ಬರಲ್ಲ, ಊರಿನವರು ಹತ್ತು ಜನ ಕಳಿಸಿ. ನಾವು ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡು ಕಾದಿರುತ್ತೇವೆ.