ಆಮೆಗೆ ಬೆರಕೆ ಸೊಪ್ಪು ಬೇಕಂತೆ, ಬದುವಿನಲ್ಲಿ ಸೊಪ್ಪೆಲ್ಲಿದೆ?

ಗೂಳೂರಿಗೂ ತುಮಕೂರು ಪೇಟೆಗೂ ಐದಾರು ಕಿಲೋಮೀಟರು ಅಷ್ಟೆ. ಊರು ಎಲ್ಲಿ ಮುಗಿಯಿತು, ಪೇಟೆ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯೋದು ಈಗ ಕಷ್ಟ. ಪೇಟೆಯವರು ನಮ್ಮ ಕಡೆಗೆ ಹಾಲಿಗೆ, ಎಳನೀರಿಗೆ, ಸೈಟಿಗೆ ಬರುವುದು ಹಳೆಯ ಸಂಗತಿ. ಈಗ ಹೊಸದೊಂದು ಬೇಡಿಕೆ ಸೇರಿದೆ. ಮನೆಯಲ್ಲಿ ಸಾಕಿದ ಆಮೆಗೆ ಸೊಪ್ಪು ಬೇಕಂತೆ! ನಗಬೇಡಿ. ಕೇಳುವವರು ಹುಡುಗರು. ಪಾಪ, ಪ್ರಾಣಿ ಮೇಲಿನ ಪ್ರೀತಿಯಿಂದಲೇ ಕೇಳುತ್ತಾರೆ. ಅವರಿಗೆ ಸರಿಯಾದ ಉತ್ತರ ಕೊಡಬೇಕಾದವರು ಸೊಪ್ಪು ಬೆಳೆಯುವ ನಾವೇ ತಾನೇ.

ಮೊದಲು ಒಂದು ಮಾತು ಕೇಳಬೇಕು. ಯಾವ ಆಮೆ? ಆಮೆ ಅಂದರೆ ಒಂದೇ ಜಾತಿಯಲ್ಲ. ನಮ್ಮ ಕೆರೆ ಕೆಸರಿನಲ್ಲಿರುವ ಮೆತ್ತನೆ ಚಿಪ್ಪಿನದು ಬೇರೆ. ಕುರುಚಲು ಕಾಡಿನಲ್ಲಿ, ಹೊಲದ ಬದುವಿನಲ್ಲಿ ಓಡಾಡುವ ನಕ್ಷತ್ರ ಆಮೆ ಬೇರೆ. ಬಣ್ಣದ ಮೀನಿನ ಅಂಗಡಿಯಲ್ಲಿ ಕಿವಿ ಹತ್ತಿರ ಕೆಂಪು ಗೆರೆ ಇರುವ ಹಸಿರು ಮರಿ ಮಾರುತ್ತಾರಲ್ಲ, ಅದು ಅಮೆರಿಕದ ಮಿಸಿಸಿಪ್ಪಿ ನದಿ ಸೀಮೆಯದು. ಮೂರಕ್ಕೂ ಊಟ ಬೇರೆ, ಕಾನೂನೂ ಬೇರೆ.

ನಕ್ಷತ್ರ ಆಮೆ ನೆಲದ ಪ್ರಾಣಿ, ಹೆಚ್ಚುಕಮ್ಮಿ ಪೂರ್ತಿ ಸಸ್ಯಾಹಾರಿ. ಹುಲ್ಲು, ಎಲೆ, ಹೂವು, ಉದುರಿದ ಹಣ್ಣು, ಪಾಪಾಸುಕಳ್ಳಿಯಂಥ ರಸದ ಗಿಡ ಇದರ ಆಹಾರ. ನಡುವೆ ಒಂದೆರಡು ಹುಳು ಸಿಕ್ಕಿದರೆ ಬಿಡೋದಿಲ್ಲ. ಮಳೆ ಬಿದ್ದ ಮೇಲೆ ಬೆಳಿಗ್ಗೆ ಸಂಜೆ ಮೇಯುತ್ತದೆ. ಬೇಸಿಗೆಯಲ್ಲಿ ಪೊದೆ ಬುಡದಲ್ಲಿ, ತರಗೆಲೆ ಅಡಿಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಇದನ್ನು ಸಾಕುವವರು ಏನು ಹಾಕುತ್ತಾರೆ? ಎಲೆಕೋಸು, ಸೌತೆಕಾಯಿ, ಟೊಮೇಟೊ, ಕೆಲವರು ಅನ್ನ, ಬ್ರೆಡ್ಡು, ಹಾಲು. ಆಮೆ ತಿನ್ನುತ್ತದೆ ನಿಜ. ಕೊಟ್ಟರೆ ಮಕ್ಕಳೂ ಮೂರು ಹೊತ್ತು ಚಾಕಲೇಟು ತಿಂದಾವು! ಸೌತೆಕಾಯಿಯಲ್ಲಿ ಇರೋದೆಲ್ಲ ನೀರು. ಅನ್ನ, ಬ್ರೆಡ್ಡು ಇದರ ಹೊಟ್ಟೆಗೆ ಹೇಳಿದ್ದಲ್ಲ. ಇದಕ್ಕೆ ಬೇಕಾದ್ದು ನಾರು ಮತ್ತು ಸುಣ್ಣದ ಅಂಶ. ತಿಂದ ಸುಣ್ಣ ಚಿಪ್ಪಿಗೆ, ಮೂಳೆಗೆ ಸೇರಬೇಕಾದರೆ ಮೈಗೆ ನೇರ ಬಿಸಿಲು ಬೀಳಬೇಕು. ಕಿಟಕಿ ಗಾಜಿನ ಒಳಗಿಂದ ಬರುವ ಬಿಸಿಲು ಆ ಕೆಲಸ ಮಾಡೋದಿಲ್ಲ. ಹಾಗಾಗಿ ಗಾಜಿನ ಪೆಟ್ಟಿಗೆಯ ಆಮೆಗಳ ಚಿಪ್ಪು ಮೆತ್ತಗಾಗುತ್ತದೆ, ಸೊಟ್ಟಗಾಗುತ್ತದೆ.

ಹಾಗಾದರೆ ಪಾಲಕ್ ಹಾಕೋಣವೇ ಅಂತ ಕೇಳುತ್ತಾರೆ. ಪಾಲಕ್, ದಂಟು, ಕೀರೆ, ಗೋಣಿಸೊಪ್ಪು ಇವುಗಳಲ್ಲಿ ಆಕ್ಸಲೇಟ್ ಎಂಬ ಹುಳಿ ಅಂಶ ಜಾಸ್ತಿ. ಅದು ಸುಣ್ಣವನ್ನು ಹಿಡಿದುಕೊಂಡು ಮೈಗೆ ದಕ್ಕದಂತೆ ಮಾಡುತ್ತದೆ. ದಿನಾ ಅದನ್ನೇ ಹಾಕಬಾರದು, ಬೇರೆಯದರ ಜೊತೆ ಒಂದಿಷ್ಟು ಇದ್ದರೆ ತೊಂದರೆಯಿಲ್ಲ. ನಮ್ಮ ಹೆಂಗಸರಿಗೆ ಇದು ಹೊಸ ವಿದ್ಯೆಯಲ್ಲ. ಉಪ್ಪೆಸರಿಗೆ ಬೆರಕೆ ಸೊಪ್ಪು ಕೀಳುವಾಗ ಯಾರೂ ಒಂದೇ ಸೊಪ್ಪನ್ನು ಮಡಿಲು ತುಂಬಿಕೊಳ್ಳೋದಿಲ್ಲ. ಅಣ್ಣೆ ಒಂದಿಷ್ಟು, ಹೊನ್ನಗೊನೆ ಒಂದಿಷ್ಟು, ಗಣಿಕೆ, ಗೋಣಿ, ಕೀರೆ ಎಲ್ಲ ಸ್ವಲ್ಪ ಸ್ವಲ್ಪ. ಹೊಲದಲ್ಲಿ ಆಮೆ ಮೇಯುವ ಕ್ರಮವೂ ಅದೇ. ಇಲ್ಲೊಂದು ಬಾಯಿ, ಅಲ್ಲೊಂದು ಬಾಯಿ. ಅದರ ಊಟ ನಮ್ಮ ಬೆರಕೆ ಸೊಪ್ಪೇ, ಜೊತೆಗೆ ಗರಿಕೆ ಹುಲ್ಲು ಸೇರಿಸಿ ಅಂದುಕೊಳ್ಳಿ.

ಇಷ್ಟು ಹೇಳಿದ್ದು ನಕ್ಷತ್ರ ಆಮೆ ಸಾಕಿ ಅಂತ ಅಲ್ಲ. ಸಾಕುವಂತಿಲ್ಲ! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಿದ್ದುಪಡಿ ಆಗಿ, ಈ ಆಮೆ ಹುಲಿ ಆನೆಗಳಿರುವ ಮೊದಲನೇ ಪಟ್ಟಿಗೇ ಸೇರಿದೆ. ಮೊದಲು ನಾಲ್ಕನೇ ಪಟ್ಟಿಯಲ್ಲಿತ್ತು. ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಎಲ್ಲ ಅಪರಾಧ. ಶಿಕ್ಷೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಹೋಗಬಹುದು, ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಕೆರೆಯ ಮೆತ್ತನೆ ಚಿಪ್ಪಿನ ಆಮೆಗೂ ಇದೇ ರಕ್ಷಣೆ. ಹೊಲದಲ್ಲಿ ಸಿಕ್ಕಿತು ಅಂತ ಮಕ್ಕಳು ಎತ್ತಿ ತಂದರೆ ಹೊಡೆಯಬೇಡಿ, ಬೈಯಬೇಡಿ. ಅದೇ ದಿನ, ಎಲ್ಲಿ ಸಿಕ್ಕಿತೋ ಅಲ್ಲೇ ಬಿಟ್ಟು ಬರಲಿ. ಬಹಳ ದಿನದಿಂದ ಇಟ್ಟುಕೊಂಡಿದ್ದರೆ ನೀವಾಗಿ ಕಾಡಿಗೆ ಬಿಡಬೇಡಿ, ರೋಗ ಹರಡೀತು. ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ.

ಆಮೆಗೆ ಯಾಕಿಷ್ಟು ಕಾವಲು ಅಂತ ಕೆಲವರಿಗೆ ಅನಿಸಬಹುದು. ಆಂಧ್ರದ ಕಡೆಯ ಒಂದೇ ಒಂದು ಸಂಗ್ರಹ ಕೇಂದ್ರದಿಂದ ವರ್ಷಕ್ಕೆ ಕಡಿಮೆಯೆಂದರೂ 55,000 ನಕ್ಷತ್ರ ಆಮೆಗಳು ಕಳ್ಳ ಸಾಗಣೆಯಾಗುತ್ತವೆ ಅಂತ 2015ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಹಿಡಿದು ಕೊಡುವವರು ಒಣ ಸೀಮೆಯ ಬಡವರು, ನಮ್ಮಂಥವರೇ. ಅವರಿಗೆ ಸಿಗುವುದು ಚಿಲ್ಲರೆ, ಲಾಭ ಎಲ್ಲ ವಿಮಾನ ಹತ್ತಿಸುವವರಿಗೆ. 2018ರ ನವೆಂಬರಿನಲ್ಲಿ ಸಿಂಗಪುರದಲ್ಲಿ ವಶಪಡಿಸಿಕೊಂಡಿದ್ದ 51 ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ವಾಪಸು ಬಂದವು. ಹೋದ ಸಾವಿರಾರರಲ್ಲಿ ಮರಳಿದ್ದು 51! ಮರು ವರ್ಷ, 2019ರಲ್ಲಿ, ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಿದರು.

ಇನ್ನು ಕೆಂಪು ಗೆರೆಯ ಅಂಗಡಿ ಆಮೆ. ಮರಿ ಇದ್ದಾಗ ರೂಪಾಯಿ ಬಿಲ್ಲೆಗಿಂತ ಸ್ವಲ್ಪ ದೊಡ್ಡದು. ಬೆಳೆದರೆ ಊಟದ ತಟ್ಟೆಯಷ್ಟು. ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ ಅಂತ ಮಾರುವವನು ಹೇಳೋದಿಲ್ಲ. ಚಿಕ್ಕದಿದ್ದಾಗ ಹುಳು, ಮೀನು ಹೆಚ್ಚು ಬೇಕು. ದೊಡ್ಡದಾದ ಹಾಗೆ ಸೊಪ್ಪಿನ ಕಡೆ ತಿರುಗುತ್ತದೆ. ಇಂಥದ್ದು ಈಗಾಗಲೇ ಮನೆಯಲ್ಲಿರುವವರು ಸೊಪ್ಪು ಕೇಳಿದರೆ ಧಾರಾಳವಾಗಿ ಕೊಡಿ. ದನಕ್ಕೆ ಅಜೋಲ ಬೆಳೆಸಿದ್ದರೆ ಒಂದು ಹಿಡಿ ಸಾಕು. ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ ಹೂವು, ಹೊನ್ನಗೊನೆ ಇವೆಲ್ಲ ಆಗುತ್ತವೆ. ಕಣಗಿಲೆ, ಎಕ್ಕ, ಕಾಂಗ್ರೆಸ್ ಗಿಡ ಬೇಡವೇ ಬೇಡ. ಅಡಿಕೆಗೆ ಬೋರ್ಡೋ ಹೊಡೆದ ತೋಟದ ನೆಲದ ಸೊಪ್ಪನ್ನೂ ಕೊಡಬೇಡಿ. ಮೇಲಿಂದ ತೊಟ್ಟಿಕ್ಕಿದ ಮೈಲುತುತ್ತೆಲ್ಲ ಅದರ ಮೇಲೇ ಕೂತಿರುತ್ತದೆ. ಔಷಧಿ ಹೊಡೆದ ಬದನೆ, ಕೋಸಿನ ಸಾಲಿನ ಪಕ್ಕದ್ದೂ ಅಷ್ಟೆ. ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆಯಲಿ. ಆಮೆಯಿಂದ ಸಾಲ್ಮೊನೆಲ್ಲ ಎಂಬ ಭೇದಿ ರೋಗ ಮಕ್ಕಳಿಗೆ ತಗಲುತ್ತದೆ ಅಂತಲೇ 1975ರಲ್ಲಿ ಅಮೆರಿಕ 4 ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು ನಿಲ್ಲಿಸಿತು. ಪರದೇಶಕ್ಕೆ ಕಳಿಸಲು ಮಾತ್ರ ಬಿಟ್ಟುಕೊಂಡಿತು, ಜಾಣರು!

ನನಗೆ ಸಿಟ್ಟು ಬರುವುದು ಇದರ ಮುಂದಿನ ಭಾಗಕ್ಕೆ. ಸಾಕಲಾಗದೆ ಬೇಜಾರಾದವರು 'ಪುಣ್ಯ ಬರಲಿ' ಅಂತ ಆಮೆಯನ್ನು ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಡುತ್ತಾರೆ. ಜಗತ್ತಿನ ನೂರು ಕೆಟ್ಟ ಅತಿಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆ ಇದೆ. ನಮ್ಮ ಕೆರೆ ಆಮೆಯ ಊಟಕ್ಕೆ, ಜಾಗಕ್ಕೆ ಇದು ಪಾಲುದಾರ. ನಮ್ಮೂರ ಗಣಪತಿಗೆ ಮಣ್ಣು ಬರುವುದು ಕೆರೆಯಿಂದ, ಕಾರ್ತಿಕ ಕಳೆದ ಮೇಲೆ ಆತ ಮರಳುವುದೂ ಕೆರೆಗೇ. ಅಂಥ ಕೆರೆಗೆ ಅಮೆರಿಕದ ಆಮೆ ತಂದು ಬಿಡುವುದು ಯಾವ ಸೀಮೆ ಪುಣ್ಯ? ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರ ಆಗಲ್ಲ ಅಂತ ಹಳಬರು ಅನ್ನೋರು. ಈಗ ವಾಸ್ತುವಿನವರು ಆಮೆ ಇದ್ದರೆ ದುಡ್ಡು ಬರುತ್ತದೆ ಅನ್ನುತ್ತಾರೆ. ಎರಡೂ ಮಾತಿನಲ್ಲಿ ಆಮೆಯ ಹಿತ ಕೇಳಿದವರು ಯಾರೂ ಇಲ್ಲ.

ಪೇಟೆಯವರನ್ನು ಅಂದದ್ದಾಯಿತು. ನಮ್ಮ ಕಡೆ ನೋಡೋಣ. ಆಮೆಗೆ ಬೆರಕೆ ಸೊಪ್ಪು ಬೇಕು ಅಂದೆ. ಬೆರಕೆ ಸೊಪ್ಪು ಎಷ್ಟು ಬದುಗಳಲ್ಲಿ ಉಳಿದಿದೆ? ಕೂಲಿಯವರು ಸಿಗೋದಿಲ್ಲ, ಹಾಗಾಗಿ ಕಳೆನಾಶಕ. ಒಂದು ಕ್ಯಾನು ಹೊಡೆದರೆ ಬದು ಬೋಳು. ಉಪ್ಪೆಸರಿನ ಸೊಪ್ಪನ್ನೂ ಸಂತೆಯಲ್ಲಿ ದುಡ್ಡು ಕೊಟ್ಟು ತರುವ ರೈತ ಕುಟುಂಬಗಳಿವೆ. ಬೇಸಿಗೆಯಲ್ಲಿ ಪೊದೆಗೆ ಬೆಂಕಿ ಹಾಕುತ್ತೇವೆ. ತರಗೆಲೆ ಅಡಿ ಮಲಗಿದ ಆಮೆ ಓಡಲಾರದು, ಇದ್ದಲ್ಲೇ ಬೇಯುತ್ತದೆ. ಅಡಿಕೆ ಹಾಕಲೆಂದು ಕುರುಚಲು ನೆಲವನ್ನು ಜೇಸಿಬಿಯಲ್ಲಿ ಸಮ ಮಾಡಿ, ಸುತ್ತ ಟ್ರೆಂಚು ತೆಗೆದು, ನೆಲಕ್ಕೆ ತಾಗುವಂತೆ ಜಾಲರಿ ಹಾಕುತ್ತೇವೆ. ನೆಟ್ಟಗಿನ ಗೋಡೆಯ ಟ್ರೆಂಚಿಗೆ ಬಿದ್ದ ಆಮೆ ಹತ್ತಿ ಬರಲಾರದು.

ತೋಟ ಮಾಡಬೇಡಿ ಅಂತ ನಾನು ಹೇಳಲಾರೆ, ನನಗೂ ಹೊಟ್ಟೆಪಾಡಿದೆ. ಆದರೆ ನಾಲ್ಕು ಬದುವಿನಲ್ಲಿ ಒಂದಕ್ಕೆ ಔಷಧಿ ಬಿಟ್ಟು ಕುಡುಗೋಲು ಹಾಕಿದರೆ ಆ ಮೇವು ಹಸುವಿಗೇ ಆಗುತ್ತದೆ. ಟ್ರೆಂಚಿನ ಒಂದು ತುದಿಯನ್ನು ಇಳಿಜಾರು ಮಾಡಲು ಜೇಸಿಬಿಯವನಿಗೆ ಐದು ನಿಮಿಷದ ಕೆಲಸ. ಜಾಲರಿ ಕೆಳಗೆ ಅಲ್ಲಲ್ಲಿ ಒಂದು ಗೇಣು ಸಂದು ಬಿಟ್ಟರೆ ಆಮೆ ದಾಟೀತು, ದನ ನುಗ್ಗಲಾರದು. ಹಂದಿ ಕಾಟ ಇರುವ ಕಡೆ ಇದು ನಡೆಯದು, ಒಪ್ಪುತ್ತೇನೆ. ಬೇಸಿಗೆಯಲ್ಲಿ ಕೆರೆಯ ಹೂಳು ಹೊಡೆಯುವಾಗಲೂ ಒಂದು ಕಣ್ಣಿರಲಿ. ನೀರು ಬತ್ತಿದಾಗ ಮೆತ್ತನೆ ಚಿಪ್ಪಿನ ಆಮೆ ಮಣ್ಣಿನಲ್ಲೇ ಹುದುಗಿ ಮಲಗಿರುತ್ತದೆ. ಗೋಡಿನ ಲೋಡಿನಲ್ಲಿ ಬಂದರೆ ಸಾರಿಗೆ ಹಾಕದೆ, ತೊಟ್ಟಿಗೂ ಹಾಕದೆ, ಅದೇ ಕೆರೆಯ ತೇವದ ಕಡೆ ಬಿಟ್ಟುಬಿಡಿ. ಸೊಪ್ಪಷ್ಟೇ ಹಾಕಿ ಅದನ್ನು ಸಾಕಲಾಗದು. ಅದಕ್ಕೆ ಬಸವನಹುಳು, ಕಪ್ಪೆ, ಮೀನು ಎಲ್ಲ ಬೇಕು.

ನಿಮ್ಮ ಹೊಲದ ಕಡೆ ನಕ್ಷತ್ರ ಆಮೆ ಈಗಲೂ ಕಾಣಿಸುತ್ತದೆಯೆ? ಯಾವ ತಿಂಗಳಲ್ಲಿ, ಯಾವ ಗಿಡ ಮೇಯುತ್ತಿತ್ತು, ಎಳೆ ಬೆಳೆಗೆ ಬಾಯಿ ಹಾಕಿದ್ದುಂಟೆ? ಕಂಡವರು ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಊರಿನ ಹೆಸರು, ಜಾಗದ ಗುರುತು ಮಾತ್ರ ಹಾಕಬೇಡಿ. ಹಿಡಿಯುವವರೂ ಓದುತ್ತಾರೆ.