ವ್ಯಾಟ್ ನೋಡಿ ಸ್ಪೀಕರ್ ತಗೋಬೇಡಿ, ಕೊನೇ ಸಾಲಲ್ಲಿ ನಿಂತು ಕೇಳಿ

ರಾಜ್ಯೋತ್ಸವ ಹತ್ತಿರ ಬಂತು ಅಂದ್ರೆ ಸಾಕು, ವಾಟ್ಸಾಪ್ ಗ್ರೂಪ್‌ಗಳಲ್ಲಿ ಬ್ಲೂಟೂತ್ ಪಾರ್ಟಿ ಸ್ಪೀಕರ್‌ಗಳ ಲಿಂಕ್ ಬೀಳೋಕೆ ಶುರು. "ಇದು 160 ವ್ಯಾಟ್, ಅದು 240. ಲೈಟ್ ನೋಡು ಮಗಾ, ಹೆಂಗಿದೆ!" ಎಲ್ಲರೂ ಜೇಬಿಂದ ಹಾಕಿದ ದುಡ್ಡಲ್ಲಿ ಕೊಳ್ಳುವ ವಸ್ತು ಇದು. ಹಾಗಾಗಿ ಹೋಲಿಸಿ ನೋಡಲೇಬೇಕು. ಆದರೆ ಹೋಲಿಸಬೇಕಾದ್ದು ವ್ಯಾಟನ್ನಲ್ಲ ಅನ್ನೋದು ನಮ್ಮ ವಾದ.

ಲೆಕ್ಕ ನಮಗೇನೂ ಹೊಸದಲ್ಲ. ಉಳಿದದ್ದೆಲ್ಲ ಒಂದೇ ಇದ್ದು ವ್ಯಾಟ್ ಎರಡರಷ್ಟಾದರೆ ಶಬ್ದ ಏರೋದು ಬರೀ 3 ಡೆಸಿಬಲ್. ಕಿವಿಗೆ "ಎರಡರಷ್ಟು ಜೋರು" ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಇನ್ನೊಂದು ಕಡೆ, ಬಯಲಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತೆ. 80 ವ್ಯಾಟ್ ಬಿಟ್ಟು 160ಕ್ಕೆ ಸುರಿದ ಹೆಚ್ಚಿನ ದುಡ್ಡು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಗಾಳಿಗೆ ಹೋಯ್ತು! ಇನ್ನು ಡಬ್ಬದ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರೆ ಅದನ್ನ ಅಲ್ಲೇ ಬಿಟ್ಟು ಬನ್ನಿ. ಅದಕ್ಕೆ ಒಪ್ಪಿತ ಅಳತೆಯೇ ಇಲ್ಲ. ಆರ್‌ಎಂಎಸ್ ಎಷ್ಟು ಅಂತ ಕೇಳಿ.

ಬ್ಯಾಟರಿ ಕಥೆಯೂ ಇಂಥದ್ದೇ. ಜೆಬಿಎಲ್ ಪಾರ್ಟಿಬಾಕ್ಸ್ 110ಕ್ಕೆ 160 ವ್ಯಾಟ್, 12 ಗಂಟೆ ಅಂತಾರೆ. ಸೋನಿ ಎಸ್‌ಆರ್‌ಎಸ್-ಎಕ್ಸ್‌ವಿ500ಕ್ಕೆ 25 ಗಂಟೆ. ಎರಡೂ ಸುಮಾರು 11 ಕೆ.ಜಿ. ತೂಗುತ್ತವೆ. ಈಗ 160ನ್ನ 12ರಿಂದ ಗುಣಿಸಿ: 1,920 ವ್ಯಾಟ್-ಅವರ್. ಮನೆಯ ಇನ್ವರ್ಟರ್‌ಗೆ ಹಾಕುವ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲೂ ಇರೋದು 1,800 ಅಷ್ಟೇ. ಹಾಗಂತ ಕಂಪನಿ ಸುಳ್ಳು ಹೇಳ್ತಿದೆ ಅಂತಲ್ಲ. ಆ ವ್ಯಾಟು, ಆ ಗಂಟೆ ಎರಡೂ ಒಟ್ಟಿಗೆ ಸಿಗೋದಿಲ್ಲ. ಗಂಟೆಯ ಲೆಕ್ಕ ಕಡಿಮೆ ವಾಲ್ಯೂಮಿನದ್ದು. ಫುಲ್ ಇಟ್ಟು, ಲೈಟೂ ಹಾಕಿದರೆ ಅದು ಬೇಗ ಕರಗುತ್ತೆ.

ಹಾಗಾದ್ರೆ ನೋಡಬೇಕಾದ್ದೇನು? ಮಾತು. ನಮ್ಮ ಕಾರ್ಯಕ್ರಮದಲ್ಲಿ ಡಾನ್ಸ್ ಇರುತ್ತೆ ನಿಜ. ಅದರ ಜೊತೆ ನಿರೂಪಣೆ, ಭಾವಗೀತೆ, ನಾಟಕ, ಅತಿಥಿಗಳ ಭಾಷಣವೂ ಇರುತ್ತೆ. ಪಾರ್ಟಿ ಸ್ಪೀಕರ್‌ಗಳು ಸಾಮಾನ್ಯವಾಗಿ ಬೇಸ್‌ಗೆ ಒತ್ತು ಕೊಡುವಂಥವು. ಆದರೆ ಸ, ಶ, ಚ, ತ ಮುಂತಾದ ಅಕ್ಷರಗಳನ್ನ ಬೇರೆಬೇರೆಯಾಗಿ ಗುರುತಿಸೋಕೆ ಬೇಕಾದ ಶಬ್ದ ಇರೋದು ಮೇಲೆ, 2 ಕಿಲೋಹರ್ಟ್ಸ್ ದಾಟಿದ ಕಡೆ. ಅದು ಮಸುಕಾದರೆ ಎದೆ ಅದುರುತ್ತೆ, ಮಾತು ಮಾತ್ರ ಅರ್ಥ ಆಗಲ್ಲ. ಕನ್ನಡ ಸಂಘದ ವೇದಿಕೆಯಲ್ಲಿ ಕನ್ನಡವೇ ಕೇಳಿಸದಿದ್ದರೆ ಲೈಟ್ ತಗೊಂಡು ಏನು ಮಾಡೋಣ?

ಅದಕ್ಕೇ ಅಂಗಡಿಗೆ ಹೋದಾಗ ಅವರು ಹಾಕುವ ಡೆಮೋ ಟ್ರ್ಯಾಕ್ ಕೇಳಿ ತಲೆಯಾಡಿಸಿ ಬರಬೇಡಿ. ಮೈಕ್ ಸಿಕ್ಕಿಸಿ, ಒಬ್ಬರು ಕನ್ನಡದಲ್ಲಿ ಒಂದು ಪುಟ ಓದಿ. ಇನ್ನೊಬ್ಬರು ಆದಷ್ಟು ದೂರ ನಿಂತು ಕೇಳಿ. ಬೇಸ್ ಬೂಸ್ಟ್ ಆರಿಸಿ ಮತ್ತೆ ಕೇಳಿ. ವೈರ್ ಮೈಕ್‌ಗೆ ಜಾಗ ಇದೆಯಾ, ಚಾರ್ಜ್ ಆಗ್ತಿರುವಾಗಲೂ ನುಡಿಯುತ್ತಾ, ಬ್ಯಾಟರಿ ಹೋದರೆ ಬದಲಿ ಸಿಗುತ್ತಾ, ಸರ್ವಿಸ್ ಸೆಂಟರ್ ಎಲ್ಲಿದೆ, ಇಷ್ಟು ಕೇಳದೆ ದುಡ್ಡು ಕೊಡಬೇಡಿ. ಐಪಿಎಕ್ಸ್4 ಅಂದರೆ ನೀರು ಸಿಡಿದರೆ ತೊಂದರೆ ಇಲ್ಲ ಅಂತ ಮಾತ್ರ, ಮಳೆಯಲ್ಲಿ ಬಿಟ್ಟುಬಿಡಿ ಅಂತಲ್ಲ.

ವರ್ಷಕ್ಕೆ ಎರಡೇ ದೊಡ್ಡ ಕಾರ್ಯಕ್ರಮ ಇದ್ದರೆ, ಕೊಳ್ಳೋದಕ್ಕಿಂತ ಸ್ಟ್ಯಾಂಡ್ ಮೇಲೆ ನಿಲ್ಲುವ ಎರಡು ಪಿಎ ಸ್ಪೀಕರ್ ಬಾಡಿಗೆಗೆ ತರೋದೇ ಜಾಣತನ. ತಲೆಗಿಂತ ಮೇಲಿಂದ ಬರುವ ಶಬ್ದ ಹಿಂದಿನವರಿಗೂ ತಲುಪುತ್ತೆ. ನೆಲದ ಮೇಲಿಟ್ಟ ಪೆಟ್ಟಿಗೆಯದು ಮುಂದಿನ ಸಾಲಿನ ಮೈಗೆ ಬಡಿದು ನಿಲ್ಲುತ್ತೆ. ವಾರವಾರ ರಿಹರ್ಸಲ್ ಇದೆ ಅಂದ್ರೆ ಮಾತ್ರ ಸ್ವಂತದ್ದು ತಗೊಳ್ಳಿ, ಚಿಕ್ಕದೇ ಸಾಕು.

ಕೊನೆಗೆ ಇನ್ನೊಂದು ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ಸಾಮಾನ್ಯವಾಗಿ ಅವಕಾಶ ಇಲ್ಲ. ನಿಯಮ ಬದಿಗಿರಲಿ, ಮೇಲಿನ ಮಹಡಿಯಲ್ಲಿ ನಾಳೆ ಬೆಳಗ್ಗೆ ಇಂಟರ್ನಲ್ಸ್ ಇರೋ ಹುಡುಗನೂ ಇದೇ ಸ್ಪೀಕರ್‌ಗೆ ಚಂದಾ ಕೊಟ್ಟಿರ್ತಾನೆ. ಅವನಿಗೆ ಸಂಜೆ ಹಾಡು ಚೆನ್ನಾಗಿ ಕೇಳಿಸಲಿ, ರಾತ್ರಿ ಏನೂ ಕೇಳಿಸದಿರಲಿ.