ರೂಪದ ಆಸೆ, ವೈದ್ಯನ ಧರ್ಮ

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯು ಹೈದರಾಲಿಯ ಹುಟ್ಟೂರೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಆತನ ಮಗನಾದ ಟಿಪ್ಪು ಸುಲ್ತಾನನ ಕಾಲದ ಒಂದು ಯುದ್ಧಕ್ಕೂ, ಈಗ ಪಟ್ಟಣಗಳ ಬೀದಿಗಳಲ್ಲಿ ಫಲಕ ತೂಗಹಾಕಿಕೊಂಡಿರುವ ಪ್ಲಾಸ್ಟಿಕ್ ಸರ್ಜರಿಗೂ ನಂಟುಂಟೆಂಬುದನ್ನು ಬಲ್ಲವರು ಮಾತ್ರ ಕಡಮೆ. 1792ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರ್ಷದಷ್ಟು ಕಾಲ ಮೂಗಿಲ್ಲದೆ ಕಳೆದ ಅವನಿಗೆ ಪುಣೆಯ ಸಮೀಪದ ಒಬ್ಬ ದೇಶೀಯನು ಮೇಣದಿಂದ ಅಳತೆ ತೆಗೆದು, ಹಣೆಯ ಚರ್ಮವನ್ನೇ ಕೆಳಕ್ಕೆ ಮಗುಚಿ, ಹೊಸ ಮೂಗನ್ನು ಕಟ್ಟಿಕೊಟ್ಟನು. ಈ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಈ ಕ್ರಮವನ್ನು ಅರಿತ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಕೂಡಲೆ ಕತ್ತಿ ಹಿಡಿಯಲಿಲ್ಲ. ಮೃತದೇಹಗಳ ಮೇಲೆ ಅಭ್ಯಾಸಮಾಡಿ, 1814ರಲ್ಲಿ ಮಾತ್ರ ಜೀವಂತ ರೋಗಿಯ ಮುಖವನ್ನು ಮುಟ್ಟಿದನು. ನಮ್ಮ ಪ್ರಾಚೀನ ಸುಶ್ರುತ ಸಂಹಿತೆಯೂ ಶಿಷ್ಯನಾದವನು ಮೊದಲು ಸೋರೆ, ಕಲ್ಲಂಗಡಿ, ಸೌತೆ ಮೊದಲಾದ ಕಾಯಿಗಳ ಮೇಲೆ ಕೊಯ್ಯುವುದನ್ನು ಕಲಿಯಬೇಕೆಂದು ವಿಧಿಸುತ್ತದೆ.

ಹೀಗೆ ಈ ವಿದ್ಯೆಯ ಮೂಲದಲ್ಲಿ ಎರಡು ಸಂಗತಿಗಳು ಕಾಣಬರುತ್ತವೆ: ನೊಂದವನಿಗೆ ಮುಖವನ್ನು ಮರಳಿ ಕೊಡುವ ಕರುಣೆ ಒಂದು, ಕಲಿಯದೆ ಕೈಯಿಡಬಾರದೆಂಬ ಸಂಯಮ ಇನ್ನೊಂದು. ಸೀಳುತುಟಿಯ ಕೂಸಿಗೆ ತಾಯಿಯ ಹಾಲು ಕುಡಿಯಲು ಅನುವು ಮಾಡಿಕೊಡುವುದು, ಒಲೆಯ ಬೆಂಕಿಯಿಂದ ಬೆಂದು ಮುರುಟಿದ ಕೈಯನ್ನು ಬಿಡಿಸುವುದು ಈ ವಿದ್ಯೆಯೇ. ಬೆಂಗಳೂರಿನ ವಿಕ್ಟೋರಿಯ ಆಸ್ಪತ್ರೆಯ ಸುಟ್ಟಗಾಯಗಳ ವಿಭಾಗವನ್ನು ಕಂಡವರು ಇಂಥ ವೈದ್ಯರಿಗೆ ಕೈಮುಗಿಯದೆ ಇರಲಾರರು. ಆದುದರಿಂದ ನಾವು ಮುಂದೆ ಹೇಳುವ ಮಾತು ಈ ವಿದ್ಯೆಯ ಮೇಲಿನದಲ್ಲ. ವಿದ್ಯೆಯ ಹೆಸರಿನಲ್ಲಿ ನಡೆಯುವ ಅಧರ್ಮದ ಮೇಲಿನದು.

2022ರ ಮೇ ತಿಂಗಳ 16ರಂದು ಬೆಂಗಳೂರಿನ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ಕೊಬ್ಬು ತೆಗೆಯಿಸಿಕೊಳ್ಳಲು ಹೋದ ಕನ್ನಡ ಕಿರುತೆರೆಯ ನಟಿಯೊಬ್ಬಳು ಮರಣಹೊಂದಿದಳು. ಅವಳ ವಯಸ್ಸು 21. ತಮಗೆ ತಿಳಿಸದೆ ಈ ಕಾರ್ಯ ನಡೆಯಿತೆಂದೂ, ಅಪಾಯ ಒದಗಿದಾಗ ಅಲ್ಲಿ ತಕ್ಕ ಸಲಕರಣೆಗಳಿರಲಿಲ್ಲವೆಂದೂ ತಂದೆತಾಯಿಗಳು ದೂರಿದರು. ತಪ್ಪು ಯಾರದೆಂದು ನಿರ್ಣಯಿಸುವುದು ನ್ಯಾಯಸ್ಥಾನದ ಕೆಲಸ, ನಮ್ಮದಲ್ಲ. ಆದರೆ ಆ ಸುದ್ದಿಯನ್ನು ಓದಿದ ಪ್ರತಿಯೊಬ್ಬ ಗೃಹಸ್ಥನೂ ತನ್ನ ಮನೆಯ ಮಗಳನ್ನು ನೆನೆದಿರಬೇಕು.

ಇಂಥ ಮೋಹ ಸಿನಿಮಾದವರಿಗೆ ಮಾತ್ರ ಸೇರಿದುದೆಂದು ತಿಳಿಯಬಾರದು. 2001ರಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಆ ಕಡೆಯ ಜನರು ಎಷ್ಟೋ ಮಂದಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರು. ಅಲ್ಲಿನ ಫಲಕಗಳೂ ಕೈಯೊಳಗಿನ ಫೋನೂ ಬೂದಿಕೋಟೆಯ ಹುಡುಗಿಗೂ ದಿನಕ್ಕೆ ಹತ್ತು ಸಲ ಹೇಳುವ ಮಾತು ಒಂದೇ: ನಿನ್ನ ಮೂಗು ಸರಿಯಿಲ್ಲ, ನಿನ್ನ ಹೊಟ್ಟೆ ಸರಿಯಿಲ್ಲ, ನಮ್ಮಲ್ಲಿಗೆ ಬಾ.

ಇಲ್ಲಿಯೇ ವೈದ್ಯಧರ್ಮದ ಮೊದಲ ಪ್ರಶ್ನೆ ಏಳುತ್ತದೆ. ಕರುಳು ಸಿಕ್ಕಿಕೊಂಡು ನರಳುವವನು ವೈದ್ಯನ ಬಳಿಗೆ ಬೇರೆ ದಾರಿಯಿಲ್ಲದೆ ಬರುತ್ತಾನೆ. ಅಲ್ಲಿ ಕತ್ತಿಯ ಅಪಾಯಕ್ಕಿಂತ ರೋಗದ ಅಪಾಯ ದೊಡ್ಡದು. ರೂಪಕ್ಕಾಗಿ ಬರುವವನಾದರೋ ಆರೋಗ್ಯವಂತನು. ಕತ್ತಿ ಮುಟ್ಟದಿದ್ದರೆ ಅವನು ನಾಳೆಯೂ ನಡೆದಾಡುವನು. ಆದುದರಿಂದ ಅವನಿಗೆ ಅಪಾಯವನ್ನು ಬಿಡಿಸಿ ಹೇಳುವ ಹೊಣೆ ವೈದ್ಯನಿಗೆ ಕಡಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಕೊಬ್ಬು ಹೀರುವ ಕ್ರಿಯೆಯಲ್ಲಿ ಕೊಬ್ಬಿನ ಕಣಗಳು ರಕ್ತದೊಳಗೆ ಸೇರಿ ಶ್ವಾಸಕೋಶವನ್ನು ಕಟ್ಟಬಹುದು. ಮರವಿನ ಮದ್ದು ಮಿತಿಮೀರಬಹುದು. ದೇಹದ ನೀರಿನ ಸಮತೋಲ ಕೆಡಬಹುದು. ಇಷ್ಟಕ್ಕೂ ಅದು ಬೊಜ್ಜಿಗೆ ಮದ್ದಲ್ಲ, ಆಕಾರವನ್ನು ತಿದ್ದುವ ಉಪಾಯ ಮಾತ್ರ. ಇದನ್ನು ಹೇಳದೆ ಹಣ ಕಟ್ಟಿಸಿಕೊಂಡು ಮೇಜಿನ ಮೇಲೆ ಮಲಗಿಸುವವನ ಕೈ ಎಷ್ಟೇ ನಯವಾಗಿದ್ದರೂ, ಅವನು ಕತ್ತಿ ಹಿಡಿಯುವ ಮುನ್ನವೇ ಧರ್ಮ ತಪ್ಪಿದನು.

ಸಮ್ಮತಿ ಎಂದರೆ ಕಾಗದದ ಮೇಲಿನ ರುಜು ಮಾತ್ರವಲ್ಲವೆಂಬುದನ್ನು ನಮ್ಮ ಸುಪ್ರೀಂ ಕೋರ್ಟು 2008ರ ಜನವರಿ 16ರಂದು ಸ್ಪಷ್ಟಪಡಿಸಿತು. ದೆಹಲಿಯ ಒಬ್ಬ ಮಹಿಳೆ ಪರೀಕ್ಷೆಗೆಂದು ಒಪ್ಪಿ ಮಲಗಿದ್ದರು. ಅವರು ಪ್ರಜ್ಞೆಯಿಲ್ಲದಿದ್ದಾಗ ವೈದ್ಯೆಯು ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆದಿದ್ದರು. ಪ್ರಾಣಾಪಾಯದ ತುರ್ತಿಲ್ಲದಿರುವಾಗ ವಯಸ್ಕಳ ದೇಹದ ಬಗೆಗೆ ಅವಳ ಪರವಾಗಿ ತಾಯಿಯೂ ಒಪ್ಪಿಗೆ ಕೊಡಲಾಗದೆಂದು ನ್ಯಾಯಾಧೀಶರು ತೀರ್ಮಾನಿಸಿದರು. ಚಿಕಿತ್ಸೆ ಯಾವುದು, ಅದರ ಅಪಾಯವೇನು, ಬೇರೆ ಮಾರ್ಗವೇನು, ಮಾಡಿಸದಿದ್ದರೆ ಏನಾಗುವುದು ಎಂಬುದನ್ನು ರೋಗಿಯು ತಿಳಿದು ಒಪ್ಪಿದರೆ ಮಾತ್ರ ಅದು ಸಮ್ಮತಿ.

ಈ ತೀರ್ಪು ನ್ಯಾಯವಾದುದು. ಆದರೆ ಇದರಿಂದ ಮನೆಯ ಹಿರಿಯರು ತಿಳಿಯತಕ್ಕ ಮಾತೊಂದುಂಟು. 21ರ ಮಗಳು ಹೇಳದೆಯೇ ಹೋಗಿ ರುಜು ಹಾಕಬಲ್ಲಳು. ಕಾನೂನು ಅವಳನ್ನು ತಡೆಯದು, ತಡೆಯಲೂ ಬಾರದು. ಅವಳು ಏಕೆ ಗುಟ್ಟಾಗಿ ಹೋಗುತ್ತಾಳೆ? ಹೆಣ್ಣು ನೋಡಲು ಬಂದವರು ಬಣ್ಣದ ಮಾತೆತ್ತಿದಾಗ ನಾವು ಸುಮ್ಮನಿದ್ದೆವು. ಹಬ್ಬದ ಪಂಕ್ತಿಯಲ್ಲಿ ಅತ್ತೆಯೋ ಚಿಕ್ಕಮ್ಮನೋ ಅವಳ ಮೈಯನ್ನು ಕುರಿತು ಆಡಿದಾಗ ನಾವೂ ನಕ್ಕೆವು. ಫಲಕ ಬರೆಯಿಸಿದವನು ಮಾರುವ ಸರಕಿಗೆ ಗಿರಾಕಿಯನ್ನು ಸಿದ್ಧಪಡಿಸಿ ಕಳುಹಿಸಿದವರು ಮನೆಯವರಾದ ನಾವೇ ಅಲ್ಲವೆ? ರುಜು ಅವಳದೇ ಆಗಲಿ. ಆದರೆ ಅದಕ್ಕೆ ಮುಂಚೆ “ಅಮ್ಮಾ, ಹೀಗೊಂದು ಯೋಚನೆಯಿದೆ” ಎಂದು ಹೇಳುವಷ್ಟು ಎಡೆ ಮನೆಯಲ್ಲಿ ಇರತಕ್ಕದ್ದು. ಹಾಗೆ ಹೇಳಿದಾಗ ಗದರಿಸುವುದಕ್ಕಿಂತ ಜೊತೆಯಲ್ಲಿ ಹೋಗಿ ನಾಲ್ಕು ಪ್ರಶ್ನೆ ಕೇಳುವುದೇ ಮೇಲು.

ಆ ಪ್ರಶ್ನೆಗಳಾವುವು? ಮೊದಲನೆಯದು, ಕತ್ತಿ ಹಿಡಿಯುವವರು ಯಾರು? ಎಂಬಿಬಿಎಸ್ ಆದ ಮೇಲೆ ಎಂಎಸ್, ಅದರ ಮೇಲೆ ಮೂರು ವರ್ಷದ ಎಂಸಿಎಚ್ ಅಥವಾ ಅದಕ್ಕೆ ಸಮಾನವಾದ ಪದವಿ ಪಡೆದವರೇ ಪ್ಲಾಸ್ಟಿಕ್ ಸರ್ಜನರು. ಬಿಳಿಯ ಕೋಟಿನವರೆಲ್ಲರೂ ಅವರಲ್ಲ. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿಯೂ ಔಷಧಚೀಟಿಯಲ್ಲಿಯೂ ತೋರಿಸಬೇಕೆಂದು ವೈದ್ಯರ ನಡತೆಯ 2002ರ ನಿಯಮಗಳು ಹೇಳುತ್ತವೆ. ಕೂದಲು ನೆಡುವ ವಿದ್ಯೆಯನ್ನು ಯೂಟ್ಯೂಬ್ ನೋಡಿ ಕಲಿತರೆ ಸಾಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಎಚ್ಚರಿಸಬೇಕಾಗಿ ಬಂದುದು ಕಾಲದ ಗತಿಯನ್ನು ತೋರಿಸುತ್ತದೆ.

ಎರಡನೆಯದು, ಸ್ಥಳ ಎಂಥದು? ಕರ್ನಾಟಕದಲ್ಲಿ ಖಾಸಗಿ ವೈದ್ಯಸಂಸ್ಥೆಗಳು 2007ರ ಕಾಯಿದೆಯಂತೆ ನೋಂದಣಿಯಾಗಿರಬೇಕು. ಆ ನೋಂದಣಿ ಶಸ್ತ್ರಚಿಕಿತ್ಸೆಗೆ ಉಂಟೋ, ಬರಿಯ ಹೊರರೋಗಿಗಳನ್ನು ನೋಡುವುದಕ್ಕೋ? ಮರವಿನ ಮದ್ದು ಕೊಡುವ ತಜ್ಞರು ಯಾರು? ಉಸಿರು ಕಟ್ಟಿದರೆ ತೀವ್ರನಿಗಾ ಘಟಕ ಎಲ್ಲಿದೆ?

ಮೂರನೆಯದು, ಅಪಾಯವನ್ನೂ ವೆಚ್ಚವನ್ನೂ ನಮಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡುವಿರಾ? ನಾಲ್ಕನೆಯದು, ಇದು ಬೇಡವೆಂದು ನೀವು ಯಾರಿಗಾದರೂ ಹೇಳಿದ್ದುಂಟೆ? ಈ ಕಡೆಯ ಪ್ರಶ್ನೆಗೆ ಉತ್ತರ ಕೊಡಲಾರದ ವೈದ್ಯನಿಂದ ದೂರವಿರುವುದು ಲೇಸು.

ತನ್ನ ಶಸ್ತ್ರಚಿಕಿತ್ಸೆಗಳ ಬಡಾಯಿ ಕೊಚ್ಚಿಕೊಳ್ಳುವುದನ್ನೂ, ರೋಗಿಯನ್ನು ಕಳುಹಿಸಿಕೊಟ್ಟುದಕ್ಕೆ ಕಮಿಷನ್ ಕೊಟ್ಟು ತೆಗೆದುಕೊಳ್ಳುವುದನ್ನೂ, ಗುರುತು ಸಿಕ್ಕುವಂಥ ರೋಗಿಯ ಚಿತ್ರವನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸುವುದನ್ನೂ 2002ರ ನಿಯಮಗಳೇ ನಿಷೇಧಿಸಿವೆ. ಕೇಳಿದ 72 ಗಂಟೆಗಳೊಳಗೆ ಚಿಕಿತ್ಸೆಯ ದಾಖಲೆಗಳನ್ನು ಕೊಡತಕ್ಕದ್ದೆಂದೂ ಅವು ಹೇಳುತ್ತವೆ. ಅನ್ಯಾಯವಾದವರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ತಪ್ಪು ಸ್ಥಿರಪಟ್ಟರೆ ವೈದ್ಯನ ಹೆಸರನ್ನು ಪಟ್ಟಿಯಿಂದ ತೆಗೆಯುವ ಅಧಿಕಾರ ಅದಕ್ಕುಂಟು. ಪರಿಹಾರಕ್ಕಾಗಿ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಆದುದರಿಂದ ರಸೀದಿ, ಚೀಟಿ, ಸಮ್ಮತಿಪತ್ರದ ನಕಲು ಇವುಗಳಲ್ಲಿ ಒಂದನ್ನೂ ಎಸೆಯಬೇಡಿರಿ.

ಆದರೆ ಈ ಬಾಗಿಲುಗಳೆಲ್ಲ ಕೆಟ್ಟ ಮೇಲೆ ತಟ್ಟುವ ಬಾಗಿಲುಗಳು. ಕೆಡುವುದಕ್ಕೆ ಮುಂಚೆ ತೆರೆದಿರಬೇಕಾದ ಬಾಗಿಲು ನಮ್ಮ ನಮ್ಮ ಮನೆಯದು. ಮಕ್ಕಳ ರೂಪವನ್ನು ಕುರಿತು ಈ ದಿನ ನಮ್ಮ ಬಾಯಿಂದ ಹೊರಡುವ ಮಾತನ್ನು ಒಂದಿಷ್ಟು ತೂಗಿ ಆಡೋಣ.